ಸೈರನ್ ಯಾರಿಗೆ ಕೇಳಬೇಕು? ಕಾರಿಗೆ ಅಲಾರಂ ಹಾಕಿಸಿದ ಏಳು ವಾರಗಳ ಅನುಭವ

ಅಕ್ಟೋಬರ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಡಲೆಂದು ಕಾರಿನ ಬಳಿಗೆ ಹೋದಾಗ ಬಲಬದಿಯ ಬಾಗಿಲಿನ ಬೀಗ ಇದ್ದಲ್ಲಿ ಬೆರಳು ತೂರುವಷ್ಟು ದೊಡ್ಡ ತೂತು ಮಾತ್ರ ಉಳಿದಿತ್ತು. ಒಳಗೆ ಸ್ಟಿಯರಿಂಗ್‌ನ ಕೆಳಗಿನ ಪ್ಲಾಸ್ಟಿಕ್ ಮುಚ್ಚಳವನ್ನು ಎಬ್ಬಿಸಿ ಎಸೆಯಲಾಗಿತ್ತು, ಇಗ್ನಿಷನ್ ಬೀಗವನ್ನು ಏನೋ ಹಾರೆಯಂಥದ್ದನ್ನು ತುರುಕಿ ತಿರುಚಲಾಗಿತ್ತು, ನಾಲ್ಕೈದು ವಯರುಗಳು ಕರುಳು ಹೊರಬಂದಂತೆ ಜೋತಾಡುತ್ತಿದ್ದವು. ಆದರೂ ಕಾರು ನಿಂತಲ್ಲಿಯೇ ಇತ್ತು. ಹನ್ನೊಂದು ವರ್ಷ ಹಳೆಯ, ಅತಿ ಕಡಿಮೆ ಬೆಲೆಯ ಶ್ರೇಣಿಯ ಸಣ್ಣ ಕಾರು ಅದು. ಕಂಪೆನಿಯಿಂದ ಬರುವಾಗ ಅದಕ್ಕೆ ಅಲಾರಂ ಇರಲಿಲ್ಲ, ಸೆಂಟ್ರಲ್ ಲಾಕ್ ಕೂಡ ಇರಲಿಲ್ಲ. ಇದ್ದದ್ದು ಸರಿಯಾದ ಕೀಲಿಯಿಲ್ಲದೆ ಎಂಜಿನ್ ಹೊರಡದಂತೆ ತಡೆಯುವ ಇಮ್ಮೊಬಿಲೈಜರ್ ಒಂದೇ. ನಮ್ಮ ಬಡಪಾಯಿ ವಾಹನವನ್ನು ಕಾಪಾಡಿದ್ದು ಅದೇ ಎಂಬುದು ನನಗೆ ಆಮೇಲೆ ಅರ್ಥವಾಯಿತು.

ಮೊದಲು ಸ್ಥಳದ ವಿವರ ಕೊಡಬೇಕು, ಏಕೆಂದರೆ ಮುಂದಿನ ಎಲ್ಲ ಗೊಂದಲಗಳ ಬೇರು ಅಲ್ಲಿದೆ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ, ಚೆರ್ಕಳ–ಕಲ್ಲಡ್ಕ ರಸ್ತೆಯಿಂದ ಕವಲೊಡೆಯುವ ಪಂಚಾಯತ್ ರಸ್ತೆಯ ಕೆಳಗೆ, ಅಡಿಕೆ ತೋಟದ ನಡುವೆ ಇದೆ. ರಸ್ತೆಗೂ ಮನೆಗೂ ಮಧ್ಯೆ ಒಂದು ತೋಡು ಹರಿಯುತ್ತದೆ, ಅದಕ್ಕೆ ಇರುವುದು ಕಾಲುಸಂಕ ಮಾತ್ರ. ಹೀಗಾಗಿ ಕಾರನ್ನು ರಸ್ತೆಯ ಬದಿಯಲ್ಲಿ ತಗಡಿನ ಮಾಡು ಹಾಕಿದ ಶೆಡ್ಡಿನಲ್ಲಿ ಬಿಟ್ಟು, ಸುಮಾರು ಇನ್ನೂರಿಪ್ಪತ್ತು ಮೀಟರ್ ನಡೆದು ಮನೆ ಸೇರಬೇಕು. ಶೆಡ್ಡಿನ ಎದುರಿಗೆ ಒಂದು ಗೂಡಂಗಡಿ, ಅಂಗಡಿಯ ಹಿಂದೆಯೇ ಅದರ ಯಜಮಾನರ ಮನೆ. ಊರಿನವರೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಹತ್ತು ವರ್ಷ ಆ ಶೆಡ್ಡಿನಲ್ಲಿ ಕಾರಿಗೆ ಒಂದು ಗೀರು ಕೂಡ ಬಿದ್ದಿರಲಿಲ್ಲವಾದ್ದರಿಂದ ಕಳ್ಳತನದ ಯೋಚನೆಯೇ ನಮಗೆ ಬಂದಿರಲಿಲ್ಲ.

ಆ ಬೆಳಿಗ್ಗೆ ನಾನು ಮಾಡಿದ ಮೊದಲ ತಪ್ಪೆಂದರೆ ಬಾಗಿಲು ತೆರೆದು, ಬಿದ್ದಿದ್ದ ಪ್ಲಾಸ್ಟಿಕ್ ತುಂಡುಗಳನ್ನೆಲ್ಲ ಹೆಕ್ಕಿ ಸೀಟಿನ ಮೇಲೆ ಜೋಡಿಸಿದ್ದು. ಠಾಣೆಯಿಂದ ಬಂದವರು ಅದನ್ನು ಕಂಡು ಬೇಸರಿಸಿಕೊಂಡರು. ಬೆರಳಚ್ಚು ತೆಗೆಯುವುದಿದ್ದರೆ ತೆಗೆಯಲು ಏನೂ ಉಳಿದಿರಲಿಲ್ಲ. ಹೀಗೇನಾದರೂ ನಿಮಗಾದರೆ ಕೈಯನ್ನು ಕಿಸೆಯಲ್ಲಿಟ್ಟುಕೊಂಡು, ನಾಲ್ಕೂ ಬದಿಯಿಂದ ಫೋಟೋ ತೆಗೆದು, ಪೊಲೀಸರು ಬಂದು ಹೋಗುವವರೆಗೆ ಕಾರಿನಿಂದ ದೂರ ನಿಲ್ಲಿ.

ದೂರನ್ನು ನಾನು ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. ಮಲಯಾಳದಲ್ಲಿ ಬರೆದರೆ ಬೇಗ ಆಗುತ್ತದೆ ಎಂದು ಅಲ್ಲಿದ್ದವರು ಹೇಳಿದರು. ಕೇರಳದ 1969ರ ಅಧಿಕೃತ ಭಾಷಾ ಶಾಸನದಲ್ಲಿ ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶವಿದೆ ಎಂಬುದು ನನಗೆ ಗೊತ್ತಿತ್ತು, ಹೇಳಿಯೂ ಹೇಳಿದೆ. ಅವರು ಅಲ್ಲಗಳೆಯಲಿಲ್ಲ, ಆದರೆ ಕನ್ನಡ ಓದಬಲ್ಲ ಸಿಬ್ಬಂದಿ ಮಧ್ಯಾಹ್ನದ ಮೇಲೆ ಬರುವರೆಂದರು. ಶಾಲೆಯಲ್ಲಿ ಎರಡು ಪಿರಿಯಡ್ ಬಾಕಿಯಿದ್ದುದರಿಂದ ಹಟ ಬಿಟ್ಟು, ಸಹೋದ್ಯೋಗಿಯೊಬ್ಬರಿಂದ ಮಲಯಾಳದಲ್ಲಿ ಇನ್ನೊಂದು ಪ್ರತಿ ಬರೆಸಿ ಎರಡನ್ನೂ ಕೊಟ್ಟೆ. ದೂರು ಸ್ವೀಕರಿಸಿದ್ದಕ್ಕೆ ರಶೀದಿ ಅಂದೇ ಸಿಕ್ಕಿತು, ಎಫ್‌ಐಆರ್ ಪ್ರತಿ ಮೂರನೆಯ ದಿನ ಸಿಕ್ಕಿತು. ಆ ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡಬೇಕೆಂದು ಕಾನೂನೇ ಹೇಳುವುದರಿಂದ ಕೇಳಿ ಪಡೆಯಲು ಸಂಕೋಚಪಡಬೇಕಾಗಿಲ್ಲ.

ಕಾರನ್ನು ಲಾರಿಯ ಮೇಲೆ ಹೇರಿ ವರ್ಕ್‌ಶಾಪಿಗೆ ಸಾಗಿಸಲು 1,500 ರೂಪಾಯಿ ತಗುಲಿತು. ಅಲ್ಲಿನ ಹಿರಿಯ ಮೆಕ್ಯಾನಿಕ್ ನನಗೆ ಇಮ್ಮೊಬಿಲೈಜರಿನ ಕೆಲಸವನ್ನು ಹತ್ತು ನಿಮಿಷದಲ್ಲಿ ತಿಳಿಸಿಕೊಟ್ಟರು. ಕೀಲಿಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಚಿಪ್ ಇರುತ್ತದೆ. ಅದಕ್ಕೆ ಸ್ವಂತ ಬ್ಯಾಟರಿ ಇಲ್ಲ. ಇಗ್ನಿಷನ್ ಬೀಗದ ಸುತ್ತ ಇರುವ ಸುರುಳಿಯಿಂದ ಹೊಮ್ಮುವ ಕಾಂತಕ್ಷೇತ್ರದಿಂದಲೇ ಶಕ್ತಿ ಪಡೆದು ಅದು ತನ್ನ ಸಂಕೇತವನ್ನು ಹೇಳುತ್ತದೆ, ಸಂಕೇತ ಸರಿಹೊಂದದಿದ್ದರೆ ಎಂಜಿನ್ನಿನ ಕಂಪ್ಯೂಟರ್ ಎಂಜಿನ್ ಓಡಲು ಬಿಡುವುದಿಲ್ಲ. ಹಳೆಯ ಸಿನಿಮಾಗಳಲ್ಲಿ ಎರಡು ವಯರುಗಳನ್ನು ಒಂದಕ್ಕೊಂದು ತಾಗಿಸಿ ಕಾರು ಹೊರಡಿಸುವ ವಿದ್ಯೆ ಇದರ ಮುಂದೆ ನಡೆಯದು. ಆದರೆ ಅವರು ಒಂದು ಎಚ್ಚರಿಕೆಯನ್ನೂ ಕೊಟ್ಟರು. ಸ್ಟಿಯರಿಂಗ್‌ನ ಕೆಳಗೆ ವರ್ಕ್‌ಶಾಪಿನವರು ಕಂಪ್ಯೂಟರ್ ಜೋಡಿಸುವ ಒಬಿಡಿ ಎಂಬ ಕಿಂಡಿಯಿದೆ, ಕೆಲವು ಕಾರುಗಳಲ್ಲಿ ಆ ಕಿಂಡಿಯ ಮೂಲಕ ಹೊಸ ಕೀಲಿಯೊಂದನ್ನು ಕೆಲವೇ ನಿಮಿಷಗಳಲ್ಲಿ ನೋಂದಾಯಿಸಬಲ್ಲ ಉಪಕರಣಗಳು ಕಳ್ಳರ ಕೈಗೂ ಬಂದಿವೆ. ನಮ್ಮಲ್ಲಿಗೆ ಬಂದವನ ಬಳಿ ಅದು ಇರಲಿಲ್ಲ, ಅಷ್ಟೆ.

ಅನಂತರ ವಿಮೆಯ ಲೆಕ್ಕ. ನನ್ನದು ಸ್ವಂತ ಹಾನಿಯೂ, ಅಂದರೆ ನನ್ನ ಕಾರಿಗೇ ಆಗುವ ನಷ್ಟವೂ ಸೇರಿದ ಸಮಗ್ರ ಪಾಲಿಸಿ. ಮೂರನೆಯ ವ್ಯಕ್ತಿಯ ವಿಮೆ ಮಾತ್ರ ಇದ್ದವರಿಗೆ ಕಾರು ಪೂರ್ತಿ ಕಳವಾದರೂ ಒಂದು ರೂಪಾಯಿ ಬರುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೀಗಗಳ ಸೆಟ್ಟಿಗೆ 4,200, ಎರಡು ಕೀಲಿಗಳ ಚಿಪ್ ಮತ್ತು ನೋಂದಣಿಗೆ 3,600, ಕೂಲಿ 1,100, ಒಟ್ಟು 8,900 ರೂಪಾಯಿಯ ಬಿಲ್ಲಾಯಿತು. ವಿಮೆಯಿಂದ ಪಡೆಯೋಣವೆಂದು ಕುಳಿತು ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಕಾಣಿಸಿತು. ಹತ್ತು ವರ್ಷ ದಾಟಿದ ಕಾರಿನ ಲೋಹದ ಬಿಡಿಭಾಗಗಳಿಗೆ ಅರ್ಧ ಸವಕಳಿ ಕಳೆಯುತ್ತಾರೆ. 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ ಕಡ್ಡಾಯವಾಗಿ ನಾವೇ ಭರಿಸಬೇಕು. ಕೀಲಿಯ ಖರ್ಚು ನನ್ನ ಪಾಲಿಸಿಯಲ್ಲಿ ಸೇರಿರಲಿಲ್ಲ. ಕೊನೆಗೆ ಕೈಗೆ ಬರುವುದು ಸುಮಾರು 2,200 ರೂಪಾಯಿ. ಅದಕ್ಕೆ ಪ್ರತಿಯಾಗಿ ಕಳೆದುಕೊಳ್ಳುವುದು ವರ್ಷಗಳಿಂದ ಗಳಿಸಿದ ಶೇಕಡಾ 50ರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಮಿನಲ್ಲಿ ಸಿಗುವ ರಿಯಾಯಿತಿ. ಅದು ಸೊನ್ನೆಗಿಳಿದು ಮತ್ತೆ 20, 25, 35, 45, 50 ಎಂದು ಮೆಟ್ಟಿಲೇರುವಷ್ಟರಲ್ಲಿ ಸ್ವಂತ ಹಾನಿಯ ಪ್ರೀಮಿಯಂ 4,800 ರೂಪಾಯಿಯ ಮೇಲೆ ಒಟ್ಟು 6,000 ರೂಪಾಯಿ ಹೆಚ್ಚು ಕಟ್ಟಬೇಕಾಗುತ್ತಿತ್ತು. ಆದ್ದರಿಂದ ಕ್ಲೇಮ್ ಮಾಡದೆ ಕೈಯಿಂದಲೇ ಕೊಟ್ಟೆ. ಸಣ್ಣ ಮೊತ್ತಕ್ಕೆ ಕ್ಲೇಮ್ ಮಾಡುವ ಮೊದಲು ಈ ಕೂಡಿಸಿ ಕಳೆಯುವ ಕೆಲಸವನ್ನು ಯಾರೇ ಆದರೂ ಮಾಡಿ ನೋಡಬೇಕು.

ಎರಡು ಕೀಲಿಗಳನ್ನು ಏಕೆ ಮಾಡಿಸಿದೆನೆಂದರೆ, ಕಾರಿನೊಡನೆ ಬಂದ ಎರಡನೆಯ ಕೀಲಿ ನಾಲ್ಕು ವರ್ಷ ಹಿಂದೆ ಒಂದು ಮದುವೆಯ ಗದ್ದಲದಲ್ಲಿ ಕಳೆದುಹೋಗಿತ್ತು. ಪಾಲಿಸಿಯ ಕಾಗದಗಳನ್ನು ಆ ವಾರ ಮೊದಲ ಬಾರಿಗೆ ಸರಿಯಾಗಿ ಓದಿದಾಗ ನನಗೆ ಬೆವರು ಬಂತು. ಕಾರು ನಿಜವಾಗಿ ಕಳವಾಗಿದ್ದರೆ ವಿಮಾ ಕಂಪೆನಿ ಕೇಳುವ ದಾಖಲೆಗಳಲ್ಲಿ ಎಫ್‌ಐಆರ್, ವಾಹನ ಪತ್ತೆಯಾಗಿಲ್ಲವೆಂಬ ಪೊಲೀಸರ ಅಂತಿಮ ವರದಿ, ಆರ್‌ಸಿ, ವಾಹನದ ವರ್ಗಾವಣೆಗೆ ಬೇಕಾದ, ಸಹಿ ಮಾಡಿದ 28, 29 ಮತ್ತು 30ನೆಯ ನಮೂನೆಗಳು ಇವುಗಳ ಜೊತೆಗೆ ಎರಡೂ ಮೂಲ ಕೀಲಿಗಳೂ ಇವೆ. ಒಂದು ಕೀಲಿ ಇಲ್ಲವೆಂದರೆ ಅದನ್ನು ಕಾರಿನಲ್ಲಿಯೇ ಬಿಟ್ಟಿದ್ದಿರಾ ಎಂಬ ಪ್ರಶ್ನೆಯಿಂದ ತಕರಾರು ಮೊದಲಾಗುತ್ತದೆ. ಕೀಲಿ ಕಳೆದಾಗಲೇ ಠಾಣೆಗೂ ವಿಮಾ ಕಂಪೆನಿಗೂ ಬರೆದು ತಿಳಿಸಿಡಬೇಕಿತ್ತು, ನಾನು ತಿಳಿಸಿರಲಿಲ್ಲ. ಹೊಸ ಕೀಲಿಗಳನ್ನು ನೋಂದಾಯಿಸುವಾಗ ಹಳೆಯ ಕೀಲಿಗಳ ಸಂಕೇತವನ್ನು ಕಂಪ್ಯೂಟರಿನ ನೆನಪಿನಿಂದ ಅಳಿಸಬೇಕೆಂದು ನಾವಾಗಿಯೇ ಹೇಳಬೇಕು. ನಾನು ಹೇಳಿ, ಉಳಿದಿದ್ದ ಹಳೆಯ ಕೀಲಿಯ ಚಿಪ್ಪಿನಿಂದ ಕಾರು ಹೊರಡುವುದಿಲ್ಲವೆಂದು ಕಣ್ಣಾರೆ ಕಂಡ ಮೇಲೆಯೇ ಹಣ ಕೊಟ್ಟೆ.

ಕಾರು ಮನೆಗೆ ಬಂತು, ಆದರೆ ನಿದ್ದೆ ಹೋಯಿತು. ನಮ್ಮಲ್ಲಿಂದ ಅಡ್ಕಸ್ಥಳದ ಕರ್ನಾಟಕ ಗಡಿಗೆ ಹತ್ತು ಹದಿನೈದು ನಿಮಿಷದ ದಾರಿ. ಹಗಲಿಗೆ ಅದು ವರ, ವಿಟ್ಲಕ್ಕೂ ಪುತ್ತೂರಿಗೂ ಬೇಗ ಹೋಗಬಹುದು. ರಾತ್ರಿ ಎರಡು ಗಂಟೆಗೆ ಮಲಗಿ ಯೋಚಿಸುವವನಿಗೆ ಮಾತ್ರ, ಕಾರು ಕಾಣೆಯಾದದ್ದು ಗೊತ್ತಾಗುವ ಹೊತ್ತಿಗೆ ಅದು ಇನ್ನೊಂದು ರಾಜ್ಯದಲ್ಲಿರುತ್ತದೆ ಎಂಬುದೊಂದೇ ಹೊಳೆಯುತ್ತದೆ. ಹೆಂಡತಿ ಒಂದು ರಾತ್ರಿ, "ನೀವು ಶೆಡ್ಡಿನಲ್ಲೇ ಹಾಸಿಗೆ ಹಾಕಿಕೊಳ್ಳಿ, ನನಗಾದರೂ ನಿದ್ದೆ ಬರಲಿ" ಎಂದಳು. ಮರುದಿನವೇ ಅಲಾರಂ ಹುಡುಕಲು ಹೊರಟೆ.

ಇಲ್ಲಿ ನನ್ನ ದೊಡ್ಡ ತಪ್ಪಾಯಿತು. ಕಾಸರಗೋಡಿನ ಮೂರು ಅಂಗಡಿಗಳಲ್ಲಿ ವಿಚಾರಿಸಿ, ಮೂವರೂ ಹೇಳಿದ ಬೆಲೆಗಳನ್ನು ಮಾತ್ರ ಹೋಲಿಸಿ, ನಡುವಿನ ಬೆಲೆಯನ್ನು ಒಪ್ಪಿಕೊಂಡೆ. ಸೆಂಟ್ರಲ್ ಲಾಕ್, ರಿಮೋಟ್ ಮತ್ತು ಸೈರನ್ ಸೇರಿ 5,200 ರೂಪಾಯಿ. ಕೆಲಸ ಎರಡು ಗಂಟೆಯಲ್ಲಿ ಮುಗಿಯಿತು. ಅಷ್ಟು ಬೇಗ ಹೇಗೆ ಮುಗಿಯಿತೆಂಬುದು ಆಮೇಲೆ ತಿಳಿಯಿತು. ಮೂಲ ವಯರುಗಳ ಹೊದಿಕೆಯನ್ನು ಬ್ಲೇಡಿನಿಂದ ಕೆರೆದು, ಹೊಸ ವಯರು ಸುತ್ತಿ, ಮೇಲೆ ಟೇಪು ಅಂಟಿಸಿದ್ದರು. ಬ್ಯಾಟರಿಯಿಂದ ಅಲಾರಮಿಗೆ ಎಳೆದ ವಯರಿಗೆ ಫ್ಯೂಸ್ ಕೂಡ ಇರಲಿಲ್ಲ. ಅಂಥ ವಯರನ್ನು ಎಲ್ಲಿಯಾದರೂ ಹೆಗ್ಗಣ ಕಚ್ಚಿ ಅದು ಬಾಡಿಗೆ ತಾಗಿದರೆ ಕಳ್ಳನೇ ಬೇಕಾಗಿಲ್ಲ, ಕಾರು ಉರಿದೇ ಹೋಗುತ್ತದೆ.

ಮೊದಲ ವಾರದಲ್ಲಿಯೇ ತುಲಾ ಮಾಸದ ಮಳೆ ಹಿಡಿಯಿತು. ಸಂಜೆಯಾದರೆ ಗುಡುಗು, ಪ್ರತಿ ಗುಡುಗಿಗೂ ಸೈರನ್. ಅಲಾರಮಿನಲ್ಲಿ ಹೊಡೆತವನ್ನು ಗ್ರಹಿಸುವ ಶಾಕ್ ಸೆನ್ಸರ್ ಇರುತ್ತದೆ. ಸಣ್ಣ ಅಲುಗಾಟಕ್ಕೆ ಎರಡು ಬಾರಿ ಕುಂಯ್ ಎಂದು ಎಚ್ಚರಿಸಿ, ದೊಡ್ಡ ಹೊಡೆತಕ್ಕೆ ಮಾತ್ರ ಪೂರ್ಣ ಕೂಗುವುದು ಒಳ್ಳೆಯ ಸೆನ್ಸರಿನ ಲಕ್ಷಣ. ನಮ್ಮದಕ್ಕೆ ಆ ಭೇದಭಾವ ಇರಲಿಲ್ಲ. ತಗಡಿನ ಮೇಲೆ ಸೋಗೆ ಬಿದ್ದರೂ ಕೂಗು, ರಸ್ತೆಯಲ್ಲಿ ಕೆಂಪುಕಲ್ಲಿನ ಲಾರಿ ಹೋದರೂ ಕೂಗು. ಸೂಕ್ಷ್ಮತೆ ತಗ್ಗಿಸುವ ತಿರುಪನ್ನು ಪೂರ್ತಿ ತಿರುಗಿಸಿದರೆ ಬಾಗಿಲನ್ನು ಒದ್ದರೂ ಮೌನ. ನಾಲ್ಕನೆಯ ದಿನ ಬೆಳಿಗ್ಗೆ ಕಾಕ ಅಂಗಡಿಯಿಂದಲೇ ಕರೆದು, "ಮಾಷ್ಟ್ರೇ, ಕಳ್ಳ ಬಂದರೆ ನಾನೇ ಕೀಲಿ ಕೊಟ್ಟು ಕಳಿಸುತ್ತೇನೆ, ಇದನ್ನೊಮ್ಮೆ ನಿಲ್ಲಿಸಿ" ಎಂದರು. ಅವರ ಕಣ್ಣು ಕೆಂಪಾಗಿತ್ತು.

ನಿಜವಾದ ಪಾಠ ಅದರ ಮರುದಿನ ಕಾದಿತ್ತು. ದೀಪಾವಳಿಯ ರಜೆಯಲ್ಲಿ ನಾಲ್ಕು ದಿನ ಕಾರು ತೆಗೆದಿರಲಿಲ್ಲ, ಐದನೆಯ ದಿನ ಕೀಲಿ ತಿರುಗಿಸಿದರೆ ಟಕ್ ಎಂಬ ಸದ್ದು ಮಾತ್ರ. ಬ್ಯಾಟರಿ ಬರಿದಾಗಿತ್ತು. ಬಾವನ ಜೀಪಿನಿಂದ ಕೇಬಲ್ ಎಳೆದು ಹೇಗೋ ಹೊರಡಿಸಿದೆವು. ನಾನು ವಿಜ್ಞಾನದ ಮೇಷ್ಟ್ರು, ಶಾಲೆಯ ಪ್ರಯೋಗಾಲಯದಿಂದ ಮಲ್ಟಿಮೀಟರ್ ತಂದು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿ ನಡುವೆ ಜೋಡಿಸಿ, ಕಾರಿನ ಒಳಗಿನ ಎಲ್ಲವೂ ಮಲಗಲೆಂದು ಅರ್ಧ ಗಂಟೆ ಕಾದು ಅಳೆದೆ. ಅಲಾರಮಿನ ಸಂಪರ್ಕ ತೆಗೆದಾಗ 25 ಮಿಲಿ ಆಂಪಿಯರ್, ಸಂಪರ್ಕ ಕೊಟ್ಟಾಗ 180. ದಿನಕ್ಕೆ ಇಪ್ಪತ್ತನಾಲ್ಕು ಗಂಟೆಯೆಂದರೆ ನಾಲ್ಕಕ್ಕೂ ಹೆಚ್ಚು ಆಂಪಿಯರ್ ಗಂಟೆ, ಅಂದರೆ 35 ಆಂಪಿಯರ್ ಗಂಟೆಯ ನನ್ನ ಹಳೆಯ ಬ್ಯಾಟರಿ ಐದು ದಿನದಲ್ಲಿ ಅರ್ಧಕ್ಕಿಂತ ಕೆಳಗಿಳಿಯಲೇಬೇಕು. ಅಲಾರಂ ಕೊಳ್ಳುವಾಗ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ಸುಮ್ಮನೆ ಕಾವಲಿರುವಾಗ ಅದು ಎಷ್ಟು ವಿದ್ಯುತ್ ಎಳೆಯುತ್ತದೆ? ಇಪ್ಪತ್ತು ಮಿಲಿ ಆಂಪಿಯರಿನ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ನನಗೆ ಮಾರಿದವರಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬಹಳ ವಾದದ ಬಳಿಕ 1,500 ರೂಪಾಯಿ ಹಿಂದಿರುಗಿಸಿದರು. ಬಿಚ್ಚಿಸಿ, ಕೆರೆದ ವಯರುಗಳನ್ನು ಬೆಸುಗೆ ಹಾಕಿಸಲು ಬೇರೊಬ್ಬರಿಗೆ 400 ಕೊಟ್ಟೆ. ಅಲ್ಲಿಗೆ 4,100 ರೂಪಾಯಿ ತೋಡಿಗೆ ಸುರಿದ ಹಾಗಾಯಿತು.

ಆ ಭಾನುವಾರ ಒಂದು ಕಾಗದ ಹಿಡಿದು ಕುಳಿತೆ. ಯಾವ ಅಲಾರಂ ಒಳ್ಳೆಯದು ಎಂದು ಕೇಳುತ್ತಾ ಅಲೆದದ್ದೇ ತಪ್ಪು ಎಂದು ಅಂದು ಹೊಳೆಯಿತು. ಸೈರನ್ ಕೂಗಿದಾಗ ಅದು ಯಾರಿಗೆ ಕೇಳಬೇಕು, ಕೇಳಿದವರು ಏನು ಮಾಡಬಲ್ಲರು ಎಂಬುದು ಮೊದಲು ತೀರ್ಮಾನವಾಗಬೇಕಿತ್ತು. ಪೇಟೆಯ ಫ್ಲ್ಯಾಟಿನ ಕೆಳಗೆ ನಿಲ್ಲಿಸುವ ಕಾರಿಗೂ, ಮನೆಯ ಅಂಗಳದಲ್ಲಿ ನಿಲ್ಲಿಸುವ ಕಾರಿಗೂ, ತೋಡಿನಾಚೆ ನಿಲ್ಲುವ ನನ್ನ ಕಾರಿಗೂ ಉತ್ತರ ಒಂದೇ ಆಗಲಾರದು. ಒಂದು ಮೀಟರ್ ದೂರದಲ್ಲಿ 110 ಡೆಸಿಬೆಲ್ ಇರುವ ಸದ್ದು, ದೂರ ಇಮ್ಮಡಿಯಾದಂತೆಲ್ಲ ಆರಾರು ಡೆಸಿಬೆಲ್ ಇಳಿಯುತ್ತಾ 220 ಮೀಟರಿನಲ್ಲಿ ಬಯಲಾದರೂ ಸುಮಾರು 63ಕ್ಕೆ ಬರುತ್ತದೆ. ನಡುವೆ ಇಳಿಜಾರು, ಅಡಿಕೆ ಮರಗಳು, ಮುಚ್ಚಿದ ಕಿಟಕಿ. ಬೇಸಗೆಯ ರಾತ್ರಿ ಎಚ್ಚರವಿದ್ದರೆ ಕೇಳೀತು, ಆಟಿಯ ಮಳೆ ಹಂಚಿನ ಮೇಲೆ ಸುರಿಯುವಾಗ ದೇವರಾಣೆಗೂ ಕೇಳದು. ಅಂದರೆ ಸದ್ದು ಕೇಳುವುದು ಕಾಕನಿಗೆ, ಸುದ್ದಿ ತಲುಪಬೇಕಾದ್ದು ನನಗೆ. ಇವು ಎರಡು ಬೇರೆ ಕೆಲಸಗಳು. ಮೂರನೆಯದಾಗಿ, ನಾನು ಸಂಕ ದಾಟಿ ಏರು ಹತ್ತಿ ಬರುವ ಐದಾರು ನಿಮಿಷ ಕಾರು ಅಲುಗದಂತೆ ಹಿಡಿದಿಡಬೇಕು. ಆ ಕೆಲಸ ಅಲಾರಮಿನದಲ್ಲವೇ ಅಲ್ಲ.

ಈ ಮೂರು ಸಾಲನ್ನು ಬರೆದುಕೊಂಡು ಮುಂದಿನ ಶನಿವಾರ ಮಂಗಳೂರಿಗೆ ಹೋದೆ. ಬಾವನ ಪರಿಚಯದ ಆಟೋ ಇಲೆಕ್ಟ್ರಿಷಿಯನ್ ಒಬ್ಬರು ಕಾಗದವನ್ನು ಎರಡು ಸಲ ಓದಿ, "ಸಾರ್, ಎಲ್ಲರೂ ರೇಟು ಕೇಳಿಕೊಂಡು ಬರುತ್ತಾರೆ, ನೀವು ಪ್ರಶ್ನೆಪತ್ರಿಕೆ ತಂದಿದ್ದೀರಿ" ಎಂದು ನಕ್ಕರು. ಅವರ ಬಳಿ ಒಂದು ಪೂರ್ವಾಹ್ನ ಕಳೆದು ತಿಳಿದುಕೊಂಡದ್ದನ್ನು ತುಸು ವಿವರವಾಗಿಯೇ ಹೇಳುತ್ತೇನೆ.

ರಿಮೋಟ್ ಪ್ರತಿ ಬಾರಿ ಒಂದೇ ಸಂಕೇತ ಕಳಿಸುವಂಥದ್ದಾದರೆ ಅದನ್ನು ಹತ್ತಿರ ನಿಂತವನು ಹಿಡಿದಿಟ್ಟುಕೊಂಡು ಆಮೇಲೆ ತಾನೇ ಕಳಿಸಿ ಬಾಗಿಲು ತೆರೆಯಬಹುದು. ಆದ್ದರಿಂದ ಒತ್ತಿದಷ್ಟು ಸಲವೂ ಸಂಕೇತ ಬದಲಾಗುವ ರೋಲಿಂಗ್ ಕೋಡ್ ರಿಮೋಟನ್ನೇ ಕೇಳಿ ತೆಗೆದುಕೊಳ್ಳಬೇಕು. ಕಾರಿನ ಒಳಗಿನ ಚಲನೆಯನ್ನು ಹಿಡಿಯುವ ಅಲ್ಟ್ರಾಸಾನಿಕ್ ಸೆನ್ಸರ್ ಮುಚ್ಚಿದ ಗ್ಯಾರೇಜಿಗೆ ಒಳ್ಳೆಯದು. ಗಾಜು ಸ್ವಲ್ಪ ತೆರೆದಿದ್ದರೂ, ಒಳಗೆ ಒಂದು ದೊಡ್ಡ ಚಿಟ್ಟೆ ಹಾರಿದರೂ ಅದು ಕೂಗಬಹುದು. ಕಾರನ್ನು ಎತ್ತಿ ಎಳೆದೊಯ್ಯುವುದನ್ನೋ ಚಕ್ರ ಬಿಚ್ಚುವುದನ್ನೋ ಹಿಡಿಯಲು ವಾಲುವಿಕೆಯನ್ನು ಗ್ರಹಿಸುವ ಟಿಲ್ಟ್ ಸೆನ್ಸರ್ ಬೇಕು. ರಸ್ತೆ ಬದಿಯ ನನ್ನ ಶೆಡ್ಡಿಗೆ ಅದು ಅಗತ್ಯವೆಂದು ಅವರೇ ಹೇಳಿದರು, ಏಕೆಂದರೆ ಇಮ್ಮೊಬಿಲೈಜರ್ ಎಂಜಿನ್ನನ್ನು ತಡೆಯುತ್ತದೆಯೇ ಹೊರತು ಇನ್ನೊಂದು ವಾಹನಕ್ಕೆ ಕಟ್ಟಿ ಎಳೆಯುವುದನ್ನು ತಡೆಯುವುದಿಲ್ಲ. ಇನ್ನು ಸೈರನ್. ಬಾನೆಟ್ ಎಬ್ಬಿಸಿ ಬ್ಯಾಟರಿಯ ವಯರು ಕತ್ತರಿಸಿದರೆ ಸಾಮಾನ್ಯ ಸೈರನ್ ಆ ಕ್ಷಣವೇ ಸಾಯುತ್ತದೆ. ತನ್ನೊಳಗೇ ಸಣ್ಣ ಬ್ಯಾಟರಿ ಇಟ್ಟುಕೊಂಡಿರುವ ಸೈರನ್ ಆಗಲೂ ಕೂಗುತ್ತದೆ, ನಿಲ್ಲಿಸಲು ಅದಕ್ಕೇ ಬೇರೆ ಕೀಲಿ ಇರುತ್ತದೆ. ಎರಡು ಬೆಲೆಗಳ ನಡುವಿನ ಅಂತರ ಸಾವಿರ ರೂಪಾಯಿಯ ಆಸುಪಾಸು, ಇಲ್ಲಿ ಉಳಿಸಬಾರದು.

ಕಾರನ್ನು ಹಿಡಿದಿಡುವ ವಿಷಯದಲ್ಲಿ ಅವರು ಎರಡು ಹಳೆಯ ಉಪಾಯಗಳನ್ನು ಸೂಚಿಸಿದರು. ಒಂದು ಉಕ್ಕಿನ ಗೇರ್ ಲಾಕ್. ಇನ್ನೊಂದು ಎಂಜಿನ್ನಿಗೆ ಪೆಟ್ರೋಲ್ ಹರಿಸುವ ಪಂಪಿನ ವಿದ್ಯುತ್ ಕಡಿಯುವ ರಿಲೇಗೆ ಜೋಡಿಸಿದ ಗುಪ್ತ ಸ್ವಿಚ್. ಗ್ಯಾರೇಜಿನ ಹುಡುಗರು ಅದನ್ನು ಕಳ್ಳ ಸ್ವಿಚ್ ಎನ್ನುತ್ತಿದ್ದರು, ಕಳ್ಳನನ್ನು ತಡೆಯುವುದಕ್ಕೆ ಅದೇ ಹೆಸರು ಬಿದ್ದದ್ದು ತಮಾಷೆ. ಈ ಸ್ವಿಚ್ ಎಲ್ಲಿದೆಯೆಂದು ನಾನು ಹೇಳುವುದಿಲ್ಲ, ನೀವೂ ಯಾರಿಗೂ ಹೇಳಬಾರದು. ಆದರೆ ಫೋನಿನಿಂದಲೇ ಎಂಜಿನ್ ನಿಲ್ಲಿಸುತ್ತೇವೆಂದು ಮಾರುವ ಉಪಕರಣಗಳ ವಿಷಯದಲ್ಲಿ ಜಾಗ್ರತೆ ಬೇಕು. ಓಡುತ್ತಿರುವ ಕಾರಿನ ಎಂಜಿನ್ ಏಕಾಏಕಿ ನಿಂತರೆ ಸ್ಟಿಯರಿಂಗ್ ಗಟ್ಟಿಯಾಗುತ್ತದೆ, ಬ್ರೇಕಿಗೆ ಸಿಗುವ ಸಹಾಯ ಒಂದೆರಡು ತುಳಿತಕ್ಕೆ ಮುಗಿಯುತ್ತದೆ. ಕಾರು ನಿಂತ ಮೇಲಷ್ಟೇ ಮತ್ತೆ ಹೊರಡದಂತೆ ತಡೆಯುವ ರಿಲೇ ಸಾಕು. ನನ್ನ ರಿಲೇಯನ್ನು ಹಾಗೆಯೇ ಜೋಡಿಸಿದ್ದಾರೆ.

ಬಟನ್ ಒತ್ತಿ ಹೊರಡಿಸುವ ಹೊಸ ಕಾರಿನವರಿಗೆ ಅವರದೊಂದು ಕಿವಿಮಾತು: ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಬೇಡಿ. ಹೊರಗೆ ನಿಂತವರು ಕೀಲಿಯ ಸಂಕೇತವನ್ನು ಒಂದು ಉಪಕರಣದಿಂದ ಹಿಗ್ಗಿಸಿ ಕಾರಿಗೆ ಮುಟ್ಟಿಸಿದರೆ ಕೀಲಿ ಹತ್ತಿರವೇ ಇದೆಯೆಂದು ಕಾರು ನಂಬುತ್ತದೆ. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಟ್ಟು, ಕಾರಿನ ಪಕ್ಕಕ್ಕೇ ಒಯ್ದು ಬಾಗಿಲು ತೆರೆಯುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಬೇಕು.

ಕೊನೆಗೆ ನಾನು ಆರಿಸಿದ್ದು ಇಷ್ಟು. ಎರಡು ಹಂತದ ಶಾಕ್ ಸೆನ್ಸರ್, ಟಿಲ್ಟ್ ಸೆನ್ಸರ್ ಮತ್ತು ಕಾರಿನಿಂದ ತಿರುಗಿ ನಮಗೆ ಸುದ್ದಿ ಕಳಿಸುವ ಪೇಜರ್ ರಿಮೋಟ್ ಇರುವ ಅಲಾರಂ 6,500 ರೂಪಾಯಿ. ಸ್ವಂತ ಬ್ಯಾಟರಿಯ ಸೈರನ್ 1,400. ರಿಲೇ ಮತ್ತು ಗುಪ್ತ ಸ್ವಿಚ್ 1,100. ಗೇರ್ ಲಾಕ್ 2,300. ಸಿಮ್ ಇರುವ ಜಿಪಿಎಸ್ ಟ್ರ್ಯಾಕರ್ 3,600. ಕೆಲಸಕ್ಕೆ ಒಂದು ದಿನವಿಡೀ ಹಿಡಿಯಿತು. ಮೂಲ ವಯರನ್ನು ಕತ್ತರಿಸದೆ ಕನೆಕ್ಟರುಗಳ ನಡುವೆ ಜೋಡಿಸಿದರು, ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸ್ ಹಾಕಿದರು, ಎಂಜಿನ್ ಭಾಗದ ವಯರುಗಳಿಗೆ ಹೆಗ್ಗಣ ಕಚ್ಚದಂತೆ ಗಟ್ಟಿ ಕೊಳವೆ ತೊಡಿಸಿದರು. ಕಾವಲಿರುವಾಗಿನ ವಿದ್ಯುತ್ತನ್ನು ನನ್ನೆದುರು ಅಳೆದು ತೋರಿಸಿದರು: ಎಲ್ಲ ಸೇರಿ 46 ಮಿಲಿ ಆಂಪಿಯರ್.

ಟ್ರ್ಯಾಕರಿನ ವಿಷಯದಲ್ಲಿ ಕೊಳ್ಳುವ ಮೊದಲೇ ಒಂದು ಕೆಲಸ ಮಾಡಿದ್ದೆ. ಮನೆಯವರ ನಾಲ್ಕು ಫೋನುಗಳನ್ನು ಒಂದು ರಾತ್ರಿ ಶೆಡ್ಡಿನಲ್ಲಿಟ್ಟು ಯಾವ ಕಂಪೆನಿಯ ಸಿಗ್ನಲ್ ನಿಲ್ಲುತ್ತದೆಂದು ನೋಡಿದೆ. ನಿಂತದ್ದು ಒಂದೇ. ಅಂಗಡಿಯವರು ಕೊಡುವ ಟ್ರ್ಯಾಕರಿನಲ್ಲಿ ಬೇರೆ ಕಂಪೆನಿಯ ಸಿಮ್ ಮೊದಲೇ ಕೂರಿಸಿತ್ತು, ಬದಲಾಯಿಸಿ ತರಿಸಲು ಎಂಟು ದಿನ ಕಾಯಬೇಕಾಯಿತು. ಗುಡ್ಡ ಕಣಿವೆಗಳ ನಮ್ಮ ಕಡೆಯವರು ಈ ಪರೀಕ್ಷೆ ಮಾಡದೆ ಟ್ರ್ಯಾಕರಿಗೆ ಹಣ ಹಾಕಬಾರದು. ಸಿಗ್ನಲ್ಲನ್ನು ಅಡಗಿಸುವ ಜ್ಯಾಮರ್ ಇರುವವನ ಮುಂದೆ ಅದೂ ನಿಷ್ಪ್ರಯೋಜಕ, ಹಾಗಾಗಿ ಅದೊಂದನ್ನೇ ನಂಬಿ ಕೂರುವಂತಿಲ್ಲ.

ಪೇಜರ್ ಡಬ್ಬಿಯ ಮೇಲೆ ಒಂದು ಕಿಲೋಮೀಟರ್ ಎಂದು ಬರೆದಿತ್ತು. ಮನೆಗೆ ಬಂದು ಪರೀಕ್ಷಿಸಿದರೆ ಸಂಕದವರೆಗೆ ಚೆನ್ನಾಗಿ ಕೆಲಸ ಮಾಡಿತು, ಅಂಗಳದಲ್ಲಿ ಒಮ್ಮೆ ಹೌದು ಒಮ್ಮೆ ಇಲ್ಲ, ಮಲಗುವ ಕೋಣೆಯಲ್ಲಿ ಪೂರ್ತಿ ಸ್ತಬ್ಧ. ಮನೆಯ ಕೆಂಪುಕಲ್ಲಿನ ಗೋಡೆಗಳು ದಪ್ಪ. ಎರಡು ಸಂಜೆ ಅದನ್ನು ಹಿಡಿದುಕೊಂಡು ಮನೆಯೊಳಗೆಲ್ಲ ಸುತ್ತಿ, ಕೊನೆಗೆ ಜಗಲಿಯ ಮೂಡು ಮೂಲೆಯ ಕಂಬದಲ್ಲಿ ಆಳೆತ್ತರಕ್ಕೆ ತೂಗಿದರೆ ತಪ್ಪದೆ ಸಿಗುತ್ತದೆಂದು ಕಂಡುಕೊಂಡೆವು. ಅದರ ಪಕ್ಕದ ಕಿಟಕಿಯ ಬಳಿ ಈಗ ನನ್ನ ಹಾಸಿಗೆ. ಹೆಂಡತಿಯ ಮಾತು ಅರ್ಧ ನಿಜವಾಯಿತು.

ವಿಮೆಯ ರಿಯಾಯಿತಿಯ ಕತೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 2002ರ ಇಂಡಿಯಾ ಮೋಟಾರ್ ಟ್ಯಾರಿಫ್ ಎಂಬ ವಿಮಾ ದರಪಟ್ಟಿಯ ಪ್ರಕಾರ ಕಳ್ಳತನ ತಡೆಯುವ ಉಪಕರಣಕ್ಕೆ ಸ್ವಂತ ಹಾನಿಯ ಪ್ರೀಮಿಯಮಿನಲ್ಲಿ ಶೇಕಡಾ 2.5, ಹೆಚ್ಚೆಂದರೆ 500 ರೂಪಾಯಿ ರಿಯಾಯಿತಿ ಇತ್ತು. ಆದರೆ ಉಪಕರಣಕ್ಕೆ ವಾಹನಗಳನ್ನು ಪರೀಕ್ಷಿಸುವ ಪುಣೆಯ ಎಆರ್‌ಎಐ ಸಂಸ್ಥೆಯ ಮಾನ್ಯತೆ ಇರಬೇಕಿತ್ತು, ಅಳವಡಿಸಿದ್ದನ್ನು ಆಟೋಮೊಬೈಲ್ ಅಸೋಸಿಯೇಷನ್ ದೃಢೀಕರಿಸಬೇಕಿತ್ತು. ನನ್ನ 4,800 ರೂಪಾಯಿಗೆ ಸಿಗುತ್ತಿದ್ದದ್ದು 120. ಅದಕ್ಕಾಗಿ ಒಂದು ದಿನದ ರಜೆ ಹಾಕುವ ಮೂರ್ಖತನ ನನಗೆ ಬೇಡವೆನಿಸಿತು. ದುಬಾರಿ ಕಾರಿನವರು ಬೇಕಿದ್ದರೆ ಕೊಳ್ಳುವ ಮೊದಲೇ ಮಾನ್ಯತೆಯ ಪತ್ರ ಕೇಳಿ ನೋಡಬಹುದು. ರಿಪೇರಿ, ಸಾಗಾಟ, ಕೆಟ್ಟ ಅಲಾರಂ, ಒಳ್ಳೆಯ ಅಲಾರಂ ಎಲ್ಲ ಕೂಡಿ ಈ ಏಳು ವಾರಗಳಲ್ಲಿ ನನಗೆ ತಗುಲಿದ್ದು 29,400 ರೂಪಾಯಿ. ಕಾರಿಗೆ ವಿಮಾ ಕಂಪೆನಿ ಕಟ್ಟಿದ ಬೆಲೆ 1,45,000. ಇಷ್ಟು ಖರ್ಚು ಬೇಕಿತ್ತೇ ಎಂದು ಬಾವ ಕೇಳಿದ. ಬೆಳಿಗ್ಗೆ ಎಂಟಕ್ಕೆ ಶಾಲೆಗೂ ರಾತ್ರಿ ಅಮ್ಮನನ್ನು ಆಸ್ಪತ್ರೆಗೂ ಕರೆದೊಯ್ಯುವ ಇನ್ನೊಂದು ಕಾರು ಆ ಬೆಲೆಗೆ ಎಲ್ಲಿ ಸಿಗುತ್ತದೆಂದು ನಾನು ಕೇಳಿದೆ. ಠಾಣೆಯಲ್ಲಿ ನಮ್ಮ ದೂರಿನ ಬಗ್ಗೆ ಇದುವರೆಗೆ ಹೊಸ ಸುದ್ದಿ ಇಲ್ಲ.

ಅಳವಡಿಸಿ ಹನ್ನೆರಡನೆಯ ರಾತ್ರಿ, ಎರಡೂ ನಲವತ್ತಕ್ಕೆ, ಕಂಬದಲ್ಲಿದ್ದ ಪೇಜರ್ ಕಿರುಚಿತು. ಟಾರ್ಚು ಹಿಡಿದು, ಕೈಗೆ ಸಿಕ್ಕಿದ ಮರದ ಗೂಟ ಹೊತ್ತು ಸಂಕ ದಾಟಿ ಓಡಿದೆ. ಏರು ಹತ್ತುವಾಗ ಎದೆ ಬಡಿತ ಸೈರನ್ನಿಗಿಂತ ಜೋರಾಗಿ ಕೇಳಿಸುತ್ತಿತ್ತು. ನಾನು ಮುಟ್ಟುವ ಮೊದಲೇ ಕಾಕ ಲುಂಗಿ ಬಿಗಿದು, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಟಾರ್ಚು ಹಿಡಿದು ಕಾರಿಗೆ ಒಂದು ಸುತ್ತು ಬಂದಾಗಿತ್ತು. ಶೆಡ್ಡಿಗೆ ಬಾಗಿದ ತೆಂಗಿನಿಂದ ಒಂದು ಕಾಯಿ ತಗಡನ್ನು ತೂತು ಮಾಡಿ ನೇರ ಬಾನೆಟ್ಟಿನ ಮೇಲೆ ಬಿದ್ದಿತ್ತು. ಬಾನೆಟ್ ಬೋಗುಣಿಯಂತೆ ತಗ್ಗಾಗಿತ್ತು. ಅಷ್ಟು ಹೊಡೆತಕ್ಕೆ ಕೂಗಿದ್ದು ನ್ಯಾಯವೇ ಎಂದು ಇಬ್ಬರೂ ಒಪ್ಪಿಕೊಂಡೆವು. ನಾನು ರಿಮೋಟ್ ಒತ್ತಿ ಅದನ್ನು ಸುಮ್ಮನಾಗಿಸಿದೆ.

"ಮಾಷ್ಟ್ರೇ, ನೀವು ಕೆಳಗಿನಿಂದ ಬರುವವರೆಗೆ ನಾನು ಇದರ ಎದುರು ಸುಮ್ಮನೆ ನಿಲ್ಲಬೇಕಾಗುತ್ತದೆ," ಎಂದರು ಕಾಕ. "ಬಾಯಿ ಮುಚ್ಚಿಸುವುದು ಹೇಗೆಂದು ನನಗೂ ಒಮ್ಮೆ ತೋರಿಸಿ."

ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಎರಡನೆಯ ರಿಮೋಟನ್ನು ಅಂಗಡಿಗೆ ಒಯ್ದು ಕೊಟ್ಟು, ಯಾವ ಗುಂಡಿ ಯಾವುದಕ್ಕೆ ಎಂದು ಎರಡು ಬಾರಿ ಒತ್ತಿ ತೋರಿಸಿದೆ. ಕಾಕ ಅದನ್ನು ಬೀಡಿಯ ಡಬ್ಬಿಯ ಪಕ್ಕದ ಮೊಳೆಗೆ ತೂಗಲು ಹೊರಟರು, ಅಲ್ಲಿ ಬೇಡವೆಂದು ನಾನು ಹೇಳಿದ ಮೇಲೆ ಮನೆಯೊಳಗೆ ಇಟ್ಟು ಬಂದರು. ಸಂಜೆ ತೆಂಗಿನ ಮರ ಏರುವವನನ್ನು ಕರೆದು, ಶೆಡ್ಡಿನ ಮೇಲೆ ಬಾಗಿದ್ದ ಗೊನೆಗಳನ್ನೆಲ್ಲ ಕೆಡವಿಸಿದೆವು.